ಒಂಬತ್ತು ಅಂದರೆ ನಗುವ ತರಗತಿ

ಊಟದ ಬಿಡುವಿನ ನಂತರದ ಮೊದಲ ಪೀರಿಯಡ್. ಎಂಟನೇ ತರಗತಿ. ಬಿಸಿಯೂಟ ಉಂಡ ಮಕ್ಕಳ ಕಣ್ಣು ಎಳೆಯುವ ಹೊತ್ತು. ಬಿ.ಇಡಿ. ಇಂಟರ್ನ್‌ಶಿಪ್‌ಗೆಂದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದ ನನಗೆ ಅದು ಮೂರನೇ ದಿನ. ಬೋರ್ಡಿನ ಮೇಲೆ ಲೆಕ್ಕ ಬರೆದು, ‘81ರ ವರ್ಗಮೂಲ ಎಷ್ಟು?’ ಎಂದು ಕೇಳಿದೆ.

‘ಒಂಬತ್ತು ಸರ’ ಎಂದಳು ಎರಡನೇ ಬೆಂಚಿನ ಹುಡುಗಿ.

ಉತ್ತರ ಸರಿಯಿತ್ತು. ಆದರೆ ಹಿಂದಿನ ಬೆಂಚುಗಳಿಂದ ಕಿಸಕ್ಕನೆ ನಗು ಬಂತು. ನಾಲ್ಕೈದು ತಲೆಗಳು ಒಟ್ಟಿಗೆ ಕಿಟಕಿಯ ಪಕ್ಕಕ್ಕೆ ತಿರುಗಿದವು. ಅಲ್ಲಿ ಕೂತಿದ್ದ ತೆಳ್ಳನೆಯ ಹುಡುಗ ನೋಟ್‌ಬುಕ್ಕಿನೊಳಗೆ ಮುಖ ಹಾಕಿ ಏನನ್ನೋ ಬರೆಯುವವನಂತೆ ಮಾಡಿದ. ಆ ಹೊತ್ತಿನಲ್ಲಿ ಬರೆಯಲು ಏನೂ ಇರಲಿಲ್ಲ.

ಬೇರೆ ಟ್ರೇನಿ ಆಗಿದ್ದರೆ ಯಾಕೆ ನಗುತ್ತಿದ್ದಾರೆ ಎಂದು ತಲೆ ಕೆರೆದುಕೊಳ್ಳುತ್ತಿದ್ದನೇನೋ. ನನಗೆ ಆ ಕ್ಷಣವೇ ಗೊತ್ತಾಯಿತು. ಏಕೆಂದರೆ ಅದೇ ನಗುವನ್ನು ನಾನೂ ನಕ್ಕವನು.

ಬಿಡುವಿನಲ್ಲಿ ಸ್ಟಾಫ್‌ರೂಮಿನಲ್ಲಿ ಮಾತು ತೆಗೆದೆ. ಹಿರಿಯ ಮಾಸ್ತರೊಬ್ಬರು ಚಹಾ ಕುಡಿಯುತ್ತ ನಕ್ಕರು. ‘ಹುಡುಗಾಟರೀ ಅದು, ಬಿಡ್ರಿ. ಅವನೂ ಸ್ವಲ್ಪ ಹಂಗ ಅದಾನ. ನಡಿಗೀನ ಬ್ಯಾರೆ. ದೊಡ್ಡಾವ ಆದ್ರ ಸರಿ ಹೋಗ್ತಾನ.’ ಅವರು ಕೆಟ್ಟ ಮನುಷ್ಯರಲ್ಲ. ಮಳೆ ಬಂದಾಗ ಮಕ್ಕಳನ್ನು ತಮ್ಮ ಬೈಕಿನಲ್ಲಿ ಮನೆಗೆ ಬಿಟ್ಟು ಬರುವವರು. ಆದರೆ ಸರಿ ಹೋಗಬೇಕಾದವನು ಆ ಹುಡುಗ ಎಂಬುದರಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

*

2014ರಲ್ಲಿ ನಾನು ಒಂಬತ್ತನೇ ತರಗತಿ. ನಮ್ಮ ತರಗತಿಯಲ್ಲೂ ಒಬ್ಬನಿದ್ದ. ಅಕ್ಷರ ಮುತ್ತು ಪೋಣಿಸಿದಂತೆ. ಶಾಲೆಯಲ್ಲಿ ಯಾವ ಕಾರ್ಯಕ್ರಮವಿದ್ದರೂ ಸ್ವಾಗತದ ಬೋರ್ಡ್ ಬರೆಯುವವನು ಅವನೇ, ಹುಡುಗಿಯರಿಗಿಂತ ಚಂದ ರಂಗೋಲಿ ಬಿಡಿಸುವವನೂ ಅವನೇ. ಕಬಡ್ಡಿಗೆ ಬರುತ್ತಿರಲಿಲ್ಲ. ನಮಗೆಲ್ಲ ಧ್ವನಿ ಒಡೆದು ಗೊಗ್ಗರಾಗಿದ್ದರೂ ಅವನದು ಹಾಗೇ ಉಳಿದಿತ್ತು. ಅಷ್ಟು ಸಾಕಿತ್ತು. ಹೆಣ್ಣಿಗ, ಚಕ್ಕಾ, ಖೋಜಾ, ಒಂದೊಂದು ದಿನಕ್ಕೆ ಒಂದೊಂದು ಹೆಸರು. ಗಟ್ಟಿಯಾಗಿ ಹಾಗೆಲ್ಲ ಕರೆದರೆ ಮಾಸ್ತರ ಬೈಯುತ್ತಿದ್ದರು. ಅದಕ್ಕೇ ‘ಒಂಬತ್ತು’. ಅಂಕಿ ಹೇಳಿದರೆ ಯಾರು ಏನನ್ನಲು ಸಾಧ್ಯ?

ನಾನು ಮುಂದಾಳು ಆಗಿರಲಿಲ್ಲ. ನಗುವವರ ಗುಂಪಿನಲ್ಲಿ ಒಬ್ಬ, ಅಷ್ಟೇ. ಇಷ್ಟು ವರ್ಷ ಹಾಗೆಂದು ಹೇಳಿಕೊಂಡೇ ಬಂದಿದ್ದೇನೆ. ಆದರೆ ಅದು ಪೂರ್ತಿ ನಿಜವಲ್ಲ. ಒಂದು ದಿನ ಪ್ರಾರ್ಥನೆಗೆ ಸಾಲಿನಲ್ಲಿ ನಿಂತಾಗ, ಮುಂದೆ ನಿಂತಿದ್ದ ಅವನ ಅಂಗಿಯ ಬೆನ್ನಿನ ಮೇಲೆ ನೀಲಿ ಪೆನ್ನಿನಿಂದ ದೊಡ್ಡದಾಗಿ ‘9’ ಬರೆದವನು ನಾನು. ನಾಡಗೀತೆ ಮುಗಿಯುವಷ್ಟರಲ್ಲಿ ಬರೆದಾಗಿತ್ತು. ಅವನು ಇಡೀ ದಿನ ಅದನ್ನು ಹೊತ್ತು ತಿರುಗಿದ. ಯಾಕೆ ಎಲ್ಲರೂ ಹಿಂದೆ ಹಿಂದೆ ನಗುತ್ತಿದ್ದಾರೆಂದು ತಿಳಿಯದೆ ಎರಡು ಸಲ ತಿರುಗಿ ನೋಡಿದ್ದು ನನಗೆ ಈಗಲೂ ಕಾಣುತ್ತದೆ. ಶಿಕ್ಷಕರೂ ನೋಡಿರಬೇಕು. ಯಾರೂ ಹೇಳಲಿಲ್ಲ. ಅದೇ ಅಂಗಿಯಲ್ಲಿ ಎರಡು ಕಿಲೊಮೀಟರ್ ನಡೆದು ಮನೆಗೆ ಹೋದ.

ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಕೆಲವು ದಿನ ಹಾಜರಿ ಕರೆಯುವಾಗ ಅವನ ಹೆಸರು ಬಂದಾಗಲೂ ನಗು ಬರುತ್ತಿತ್ತು. ಆಮೇಲೆ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು.

ಅದೇ ವರ್ಷದ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ನಾಲ್ಸಾ ಪ್ರಕರಣದ ತೀರ್ಪಿನಲ್ಲಿ, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದಿತ್ತು. ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡಿ ಎಂದು ಸರ್ಕಾರಗಳಿಗೆ ಹೇಳಿತ್ತು. ದೆಹಲಿಯಲ್ಲಿ ಆದ ಆ ಮಾತು ನಮ್ಮ ಶಾಲೆಯ ಗೇಟಿನವರೆಗೆ ಬರಲಿಲ್ಲ. ಬಂದಿದ್ದರೂ ನಾನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆನೇ, ಗೊತ್ತಿಲ್ಲ.

*

ಬಿ.ಇಡಿ.ಯಲ್ಲಿ ನಮಗೆ ಲಿಂಗತ್ವ, ಶಾಲೆ ಮತ್ತು ಸಮಾಜ ಎಂಬ ವಿಷಯವಿದೆ. ನಾವು ಓದುವ ಗೈಡಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಅರ್ಧ ಪುಟ. ಐದು ಅಂಕದ ಪ್ರಶ್ನೆಗೆ ಸಾಕಾಗುವಷ್ಟು. ವ್ಯಾಖ್ಯೆ ಬರೆಯಿರಿ ಎಂದರೆ ನಾನು ಬರೆಯಬಲ್ಲೆ. ತರಗತಿಯಲ್ಲಿ ‘ಒಂಬತ್ತು’ ಎಂದು ನಕ್ಕರೆ ಆ ಕ್ಷಣದಲ್ಲಿ ಬಾಯಿಂದ ಬರಬೇಕಾದ ಮಾತು ಯಾವುದು ಎಂದು ಆ ಅರ್ಧ ಪುಟದಲ್ಲಿ ಇಲ್ಲ.

ಅದನ್ನು ಹೇಳಿಕೊಡುವ ಒಂದು ಕೈಪಿಡಿ ಬಂದಿತ್ತು. 2021ರ ಅಕ್ಟೋಬರ್ ಕೊನೆಯಲ್ಲಿ ಎನ್‌ಸಿಇಆರ್‌ಟಿ ಶಾಲಾ ಶಿಕ್ಷಣದಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಒಳಗೊಳ್ಳುವ ಬಗ್ಗೆ ಶಿಕ್ಷಕರಿಗೆಂದೇ ತಯಾರಿಸಿದ ಕೈಪಿಡಿಯನ್ನು ತನ್ನ ಜಾಲತಾಣದಲ್ಲಿ ಹಾಕಿತು. ಎಲ್ಲರೂ ಬಳಸಬಹುದಾದ ಶೌಚಾಲಯ, ಮಕ್ಕಳಿಗೆ ಹಿತವೆನಿಸುವ ಸಮವಸ್ತ್ರ, ಎಲ್ಲದಕ್ಕೂ ಗಂಡು-ಹೆಣ್ಣು ಎಂದು ಎರಡು ಸಾಲು ಮಾಡುವ ಅಭ್ಯಾಸ ಬಿಡುವುದು, ಸಮುದಾಯದವರನ್ನೇ ಶಾಲೆಗೆ ಕರೆದು ಮಾತನಾಡಿಸುವುದು. ಇಂಥ ಸಲಹೆಗಳೇ ಅದರ ತುಂಬ ಇದ್ದವು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪ ಎತ್ತಿತು. ಕೆಲವೇ ದಿನಗಳಲ್ಲಿ ಕೈಪಿಡಿ ಜಾಲತಾಣದಿಂದ ಮಾಯವಾಯಿತು. ಎಷ್ಟು ಶಿಕ್ಷಕರು ಅಷ್ಟರಲ್ಲಿ ಅದನ್ನು ಓದಿದ್ದಾರು?

ಮಕ್ಕಳಿಗೆ ಈ ವಯಸ್ಸಿಗೆ ಇದೆಲ್ಲ ಯಾಕೆ ಎಂಬುದೇ ಎಲ್ಲ ಆಕ್ಷೇಪಗಳ ತಿರುಳು. ನನ್ನ ಅನುಭವ ಬೇರೆ. ಈ ವಯಸ್ಸಿನ ಮಕ್ಕಳಿಗೆ ಇದು ಆಗಲೇ ಗೊತ್ತಿದೆ. ಬೈಗುಳವಾಗಿ ಗೊತ್ತಿದೆ. ಯುನೆಸ್ಕೊ ಸಂಸ್ಥೆ ಚೆನ್ನೈನ ಸಹೋದರನ್ ಸಂಘಟನೆಯ ಜೊತೆ ಸೇರಿ ತಮಿಳುನಾಡಿನಲ್ಲಿ ಸುಮಾರು 400 ಲೈಂಗಿಕ ಅಲ್ಪಸಂಖ್ಯಾತ ಯುವಜನರನ್ನು ಮಾತನಾಡಿಸಿ ಒಂದು ಅಧ್ಯಯನ ಮಾಡಿತ್ತು. ಮಾಧ್ಯಮಿಕ, ಪ್ರೌಢಶಾಲೆಯ ಹಂತದಲ್ಲಿ ಮೈಮೇಲೆ ಕೈಮಾಡಿಸಿಕೊಂಡೆವು ಎಂದವರು ಶೇ 60. ಅದನ್ನು ಶಾಲೆಯವರಿಗೆ ಹೇಳಿದವರು ಶೇ 18 ಮಾತ್ರ. ಓದು ಬಿಡಲು ಈ ಕಾಟವೇ ಕಾರಣವಾಯಿತು ಎಂದವರು ಮೂವರಲ್ಲಿ ಒಬ್ಬರು. ಈ ಮೂರನೇ ಲೆಕ್ಕ ಓದುವಾಗ ನನಗೆ ಕೆಂಪು ಗೆರೆ ನೆನಪಾಯಿತು.

ಇನ್ನೊಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. ಮನೆಯವರ ಕಾಟಕ್ಕೆ ಹೆದರಿ ಮದುರೆಯಿಂದ ಚೆನ್ನೈಗೆ ಓಡಿಬಂದ ಇಬ್ಬರು ಯುವತಿಯರ ಅರ್ಜಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಸಲಿಂಗ ಸಂಬಂಧ ತನಗೆ ಪರಿಚಯವಿಲ್ಲದ ವಿಷಯ, ತನ್ನೊಳಗೂ ಪೂರ್ವಗ್ರಹ ಇದೆ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ತೀರ್ಪು ಬರೆಯುವ ಮೊದಲು ಮನಃಶಾಸ್ತ್ರಜ್ಞರ ಬಳಿ ವಿದ್ಯಾರ್ಥಿಯಂತೆ ಕೂತು ಕಲಿತರು. 2021ರ ಜೂನ್ 7ರ ಆ ಆದೇಶ ಪೊಲೀಸರಿಗೆ, ವೈದ್ಯರಿಗೆ ಮಾತ್ರವಲ್ಲ, ಶಾಲೆಗಳಿಗೂ ಸಂಬಂಧಿಸಿದ್ದು. ಪೋಷಕರ ಸಭೆಯಲ್ಲಿ ಈ ವಿಷಯ ಮಾತನಾಡಿ, ಎಲ್ಲರಿಗೂ ಆಗುವ ಶೌಚಾಲಯ ಕೊಡಿ, ದಾಖಲೆಯಲ್ಲಿ ಹೆಸರು ಬದಲಿಸಲು ಅವಕಾಶ ಮಾಡಿ ಎಂದು ಅದು ಹೇಳುತ್ತದೆ. ಹೈಕೋರ್ಟಿನ ನ್ಯಾಯಮೂರ್ತಿಯೇ ‘ನನಗೆ ಗೊತ್ತಿಲ್ಲ, ಹೇಳಿಕೊಡಿ’ ಎನ್ನಬಹುದಾದರೆ ಬಿ.ಇಡಿ. ಟ್ರೇನಿಗೆ ಏನು ಅವಮಾನ?

*

ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ ಒಂದು ಪೀರಿಯಡ್ ಬೇಕು ಎಂದೆ. ವಿಷಯ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: ‘ಸುತ್ತೋಲೆ ಐತೇನು?’

ಆಗ ನನಗೆ ಸಿಟ್ಟು ಬಂತು. ಈಗ ಅರ್ಥವಾಗುತ್ತದೆ. ನಾಳೆ ಯಾರಾದರೂ ಬಂದು ಕೇಳಿದರೆ ತೋರಿಸಲು ಅವರ ಕೈಯಲ್ಲಿ ಒಂದು ಕಾಗದ ಬೇಕು. ಕಾನೂನು ಇಲ್ಲವೆಂದಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 13ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಿಕ್ಷಣ ಸಂಸ್ಥೆಯೂ ತಾರತಮ್ಯವಿಲ್ಲದೆ ಕಲಿಯಲು, ಆಡಲು ಅವಕಾಶ ಕೊಡಬೇಕೆನ್ನುತ್ತದೆ. ಕರ್ನಾಟಕವೂ 2017ರಲ್ಲೇ ತನ್ನದೊಂದು ನೀತಿ ತಂದಿದೆ. ಆದರೆ ಸೆಕ್ಷನ್ನಿಗೂ ಎಂಟನೇ ತರಗತಿಯ ಟೈಂಟೇಬಲ್ಲಿಗೂ ನಡುವೆ ಯಾರೋ ಒಬ್ಬರು ಸೇತುವೆ ಕಟ್ಟಬೇಕಲ್ಲ. ಆ ತರಬೇತಿ, ಆ ಪಾಠದ ಸಾಮಗ್ರಿ ನಾನು ಹೋದ ಶಾಲೆಯ ಯಾವ ಶಿಕ್ಷಕರಿಗೂ ಸಿಕ್ಕಿರಲಿಲ್ಲ. ಶಾಲೆಗೆ ಏನೂ ಕೊಡದೆ ಶಾಲೆಯನ್ನು ಬೈಯುವುದು ಸುಲಭ.

ಕೊನೆಗೆ ಅವರೇ ದಾರಿ ತೋರಿಸಿದರು. ‘ಮೌಲ್ಯ ಶಿಕ್ಷಣದ ಪೀರಿಯಡ್ ತಗೋ. ಪಾಠದ ಹೆಸರು ಅಡ್ಡಹೆಸರು ಅಂತ ಬರಿ. ನಾನೂ ಹಿಂದ ಕುಂತಿರ್ತೀನಿ.’ ನನ್ನ ಇಂಟರ್ನ್‌ಶಿಪ್ ಅಂಕ ಅವರ ಕೈಯಲ್ಲಿತ್ತು. ಅವರು ಹಿಂದೆ ಕೂರುವುದು ಧೈರ್ಯ ಕೊಡಲೋ ಕಾವಲಿಗೋ ಎಂದು ಆ ರಾತ್ರಿ ಯೋಚಿಸಿದ್ದೇನೆ.

ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟೆ. ‘ನಿಮ್ಮನ್ನು ಯಾರಾದರೂ ನೋವಾಗುವಂತೆ ಕರೆದ ಹೆಸರು ಬರೆಯಿರಿ. ನಿಮ್ಮ ಹೆಸರು ಬೇಡ. ಮಡಚಿ ಚಾಕ್‌ಪೀಸ್ ಡಬ್ಬಿಗೆ ಹಾಕಿ’ ಎಂದೆ. ಮೊದಲು ಗುಸುಗುಸು, ನಗು. ಆಮೇಲೆ ಸದ್ದು ಅಡಗಿತು. ಬರೆಯುವಾಗ ಎಲ್ಲರೂ ಎಡಗೈ ಅಡ್ಡ ಹಿಡಿದಿದ್ದರು, ಪರೀಕ್ಷೆಯಲ್ಲಿ ಹಿಡಿಯುವಂತೆ.

41 ಚೀಟಿ ಬಂದವು. ಒಂದೊಂದಾಗಿ ಓದಿದೆ. ಕರಿಯಾ. ಡುಮ್ಮಿ. ಕುಂಟ. ಸೋಡಾಬುಡ್ಡಿ. ಅಪ್ಪ ಕುಡಿಯುತ್ತಾನೆಂದು ಇಟ್ಟ ಒಂದು ಹೆಸರು. ಜಾತಿಯ ಹೆಸರುಗಳಿದ್ದವು, ಅವನ್ನು ಗಟ್ಟಿಯಾಗಿ ಓದಲು ನಾಲಿಗೆ ಬರಲಿಲ್ಲ, ಬದಿಗಿಟ್ಟೆ. ಅದಕ್ಕೆ ಇನ್ನೊಂದು ಪೀರಿಯಡ್ ಅಲ್ಲ, ಇಡೀ ವರ್ಷ ಬೇಕು. ‘ಗಂಡುಬೀರಿ’ ಮೂರು ಇದ್ದವು. ‘ಒಂಬತ್ತು’ ಎಂದು ಬರೆದ ಚೀಟಿ ಎರಡು.

ಎರಡು. ನಾನು ಒಬ್ಬನಿಗಾಗಿ ಪಾಠ ಮಾಡಲು ಹೋಗಿದ್ದೆ. ಕಿಟಕಿಯ ಪಕ್ಕದ ಹುಡುಗನನ್ನು ಬಿಟ್ಟರೆ ಇನ್ನೊಬ್ಬರು ಯಾರೆಂದು ಅಂದೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಬಹುಶಃ ಯಾವುದೋ ಹಿಂದಿನ ಬೆಂಚಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುವವನೇ ಇರಬಹುದು.

‘ಒಂಬತ್ತು ಅಂದ್ರ ಯಾಕ ನಗತೀರಿ?’ ಎಂದು ಕೇಳಿದೆ. ಯಾರಿಗೂ ಕಾರಣ ಗೊತ್ತಿರಲಿಲ್ಲ. ಎಂಟಕ್ಕೆ ನಗು ಬರುವುದಿಲ್ಲ, ಹತ್ತಕ್ಕೆ ಬರುವುದಿಲ್ಲ. ಅಣ್ಣ ಅಂದ, ಮಾಮಾ ಅಂದ, ರೀಲ್ಸಿನಲ್ಲಿ ನೋಡಿದೆ ಎಂದರು. ಆಗ ನಾನು ಅಂಗಿಯ ಕಥೆ ಹೇಳಿದೆ. ಬರೆದವನು ನಾನೇ ಎಂದೂ ಹೇಳಿದೆ. ಟೀಚರ್ ತಾನು ತಪ್ಪು ಮಾಡಿದೆ ಎಂದರೆ ಮಕ್ಕಳಿಗೆ ಅದೊಂದು ವಿಚಿತ್ರ ಸಂಗತಿ. ಕಣ್ಣು ಕಣ್ಣು ಬಿಟ್ಟು ನೋಡಿದರು.

ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. 2021ರ ನವೆಂಬರ್, ರಾಷ್ಟ್ರಪತಿ ಭವನ. ನಮ್ಮ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳಲು ಹೋಗುತ್ತಾರೆ. ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ನಿವಾಳಿಸುತ್ತಾರೆ. ಸಭೆಯೆಲ್ಲ ಚಪ್ಪಾಳೆ. ಬಳ್ಳಾರಿ ಸೀಮೆಯ, ಎಸ್ಸೆಸ್ಸೆಲ್ಸಿವರೆಗೆ ಓದಿದ, ಮನೆಯಿಂದ ಹೊರಬಿದ್ದು ಭಿಕ್ಷೆ ಬೇಡಿದ, ವಿಷ ಕುಡಿದು ಬದುಕಿದ ಜೀವ ಅದು. ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು.

ಒಬ್ಬ ಹುಡುಗಿ ಎದ್ದು ನಿಂತಳು. ‘ಸರ, ನಮ್ಮನಿಗೂ ಜೋಗಪ್ಪ ಬರ್ತಾರ್ರಿ. ಎಲ್ಲಮ್ಮನ ಪಡ್ಡಲಗಿ ತುಂಬಿಸ್ಕೊಂಡು ಹೋಗ್ತಾರ. ಅಜ್ಜಿ ಕಾಲಿಗೆ ಬೀಳ್ತಾಳ್ರಿ.’ ಇಡೀ ಪಾಠದಲ್ಲಿ ನಾನು ಯೋಚಿಸದೇ ಇದ್ದ ಮಾತು ಅದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಬಂದರೆ ಹೊಸ್ತಿಲಲ್ಲಿ ಕಾಲಿಗೆ ಬೀಳುವ ನಾವು, ಪಕ್ಕದ ಬೆಂಚಿನಲ್ಲಿ ಕೂತರೆ ಬೆನ್ನ ಮೇಲೆ ಬರೆಯುತ್ತೇವೆ. ಹಾಗೆಂದು ಪೂಜೆಯೇ ಗೌರವ ಎಂದೂ ನಾನು ನಂಬುವುದಿಲ್ಲ. ಕಾಲಿಗೆ ಬಿದ್ದವರು ಅದೇ ಜೀವಕ್ಕೆ ಬಾಡಿಗೆ ಮನೆ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಪತ್ರಿಕೆ ಓದುವ ದೊಡ್ಡವರೂ ಇಲ್ಲಿ ಎಡವುತ್ತಾರೆ. ಮೆಲುದನಿಯ ಹುಡುಗ ಟ್ರಾನ್ಸ್‌ಜೆಂಡರ್ ಆಗಿರಬೇಕೆಂದಿಲ್ಲ. ಹುಡುಗಿಯೊಬ್ಬಳು ಕ್ರಾಪ್ ಮಾಡಿಸಿಕೊಂಡು ಕ್ರಿಕೆಟ್ ಆಡಿದರೆ ಅವಳು ಹುಡುಗಿಯೇ. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದು ಒಂದು, ನಾನು ಯಾರು ಎಂದು ಒಳಗೆ ಅನಿಸುವುದು ಇನ್ನೊಂದು, ನಡಿಗೆ ಹೇಗಿದೆ ಎಂಬುದು ಮತ್ತೊಂದು. ಈ ಮೂರನ್ನೂ ಒಂದೇ ಅಂಕಿಯಲ್ಲಿ ಕಟ್ಟಿಹಾಕಿರುವುದು ನಮ್ಮ ಸೋಮಾರಿತನ. ಇದಿಷ್ಟನ್ನೂ ಮಕ್ಕಳಿಗೆ ಹೇಳಲು ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ದೊಡ್ಡ ಪದ ಬೇಕಾಗಲಿಲ್ಲ.

*

ಇಲ್ಲಿಗೆ ಮುಗಿದಿದ್ದರೆ ನನಗೂ ಖುಷಿಯಾಗುತ್ತಿತ್ತು. ಪಾಠ ಚೆನ್ನಾಗಿ ಆಯಿತೆಂಬ ಉಮೇದಿನಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಮರುದಿನ ಬಿಡುವಿನಲ್ಲಿ ಆ ಹುಡುಗನನ್ನು ಲ್ಯಾಬಿಗೆ ಕರೆಸಿ, ‘ಏನಾದರೂ ತೊಂದರೆ ಇದ್ದರೆ ನನಗೆ ಹೇಳು’ ಎಂದೆ.

ಅವನು ಬಾಗಿಲ ಕಡೆ ನೋಡಿದ. ‘ನೀವು ಕರೆದಿದ್ದಕ್ಕ ಅವರೆಲ್ಲ ಹೊರಗ ನಿಂತಾರ್ರಿ ಸರ. ಈಗ ಹೋದ್ರ ಏನಂದ್ರು ಅಂತ ಕೇಳ್ತಾರ.’

ಚೀಟಿಯಲ್ಲಿ ಹೆಸರು ಬೇಡ ಎಂದವನು ನಾನು. ಈಗ ಅವನ ಹೆಸರನ್ನು ನಾನೇ ಎಲ್ಲರಿಗೂ ತೋರಿಸಿಕೊಟ್ಟಿದ್ದೆ. ಏನು ಹೇಳಲೂ ತೋಚದೆ, ಲ್ಯಾಬಿನ ಟೇಬಲ್ಲಿನ ಮೇಲಿದ್ದ ಬೀಕರುಗಳನ್ನು ತೊಳೆಯಲು ಸಹಾಯ ಮಾಡು ಎಂದೆ. ಹೊರಗೆ ನಿಂತವರನ್ನೂ ಕೂಗಿ ಕರೆದು ತಲಾ ಎರಡು ಕೊಟ್ಟೆ. ತೊಳೆಯುತ್ತ ಇದ್ದಾಗ, ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ ಅವನು ಒಂದು ಮಾತು ಹೇಳಿದ. ‘ಸಾಲಿಗೆ ಬಂದ ಮ್ಯಾಲೆ ನಾ ನೀರು ಕುಡಿಯೂದಿಲ್ರಿ ಸರ.’

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಬಿಡುವಿನಲ್ಲಿ ಹೋದರೆ ಯಾರಾದರೂ ಬಾಗಿಲು ತಳ್ಳುತ್ತಾರೆ. ಅದಕ್ಕೇ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಮನೆ ಮುಟ್ಟುವವರೆಗೆ, ಬೇಸಿಗೆಯಲ್ಲೂ, ಒಂದು ಗುಟುಕು ನೀರಿಲ್ಲ.

ಸಂಜೆ ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿದೆ, ಯಾರೆಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮರುದಿನ ಬಡಿಗ ಬಂದ. ಮೂರು ಬಾಗಿಲಿಗೂ ಒಳಚಿಲಕ ಬಿತ್ತು. ಚಿಲಕ ಒಂದಕ್ಕೆ ಎಪ್ಪತ್ತು ರೂಪಾಯಿ, ಕೂಲಿ ಬೇರೆ. ಬಿಡುವಿನ ಹೊತ್ತಿಗೆ ಪಿ.ಇ. ಮಾಸ್ತರರು ಆ ಕಡೆಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ನನ್ನ ನಲವತ್ತು ನಿಮಿಷದ ಭಾಷಣಕ್ಕಿಂತ ಆ ಕುರ್ಚಿ ಹೆಚ್ಚು ಕೆಲಸ ಮಾಡಿತು.

ಪಾಠದ ಸುದ್ದಿ ಊರಿಗೂ ಮುಟ್ಟಿತು. ಎಸ್‌ಡಿಎಂಸಿ ಸದಸ್ಯರೊಬ್ಬರು ಬಂದರು. ‘ಅಕ್ಕೋರೆ, ಹುಡುಗರಿಗೆ ಇಂಥಾವೆಲ್ಲ ಕಲಿಸಾಕ ಹತ್ತೀರಂತ. ನೋಡಿ ಅವೂ ಹಂಗ ಆದ್ರ?’ ನಾನು ಬಾಗಿಲ ಹೊರಗೆ ನಿಂತಿದ್ದೆ, ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಶಾಂತವಾಗಿ ಡಬ್ಬಿಯಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಸುರಿದರು. ‘ಕಲಿಸಿದ್ದು ಇಷ್ಟರೀ. ಓದಿ ನೋಡ್ರಿ. ನಿಮ್ಮ ಮಗಳ ಚೀಟೀನೂ ಇದರಾಗ ಐತಿ.’ ಆತ ಐದಾರು ಓದಿದರು. ಯಾವ ಚೀಟಿಯ ಬಳಿ ನಿಂತರೋ ಗೊತ್ತಿಲ್ಲ. ಒಪ್ಪಿದೆ ಎನ್ನಲಿಲ್ಲ. ‘ನೋಡ್ಕೊಂಡು ಮಾಡ್ರಿ’ ಎಂದು ಎದ್ದು ಹೋದರು. ‘ನೋಡಿ ಹಾಗಾಗುತ್ತಾರೆ’ ಎಂಬ ಭಯಕ್ಕೆ ಮಾತ್ರ ನನ್ನ ಬಳಿ ಒಂದು ಉತ್ತರವಿದೆ. ನನ್ನ ಸಹಪಾಠಿ ದಿನಕ್ಕೆ ಏಳು ತಾಸು ನಮ್ಮಂಥ ಐವತ್ತು ಜನರನ್ನು ನೋಡುತ್ತ ಕೂತಿದ್ದ. ನೋಡಿ ನಮ್ಮಂತೆ ಆಗಲಿಲ್ಲವಲ್ಲ?

*

ಈ ಪುಟ ಓದುವವರಲ್ಲಿ ನನ್ನಂತೆ ನೇಮಕಾತಿ ಅಧಿಸೂಚನೆಗೆ ಕಾಯುತ್ತಿರುವವರು ಬಹಳ. ಆದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. 2021ರ ಜುಲೈನಲ್ಲಿ ಕರ್ನಾಟಕ ಸರ್ಕಾರ ತನ್ನ ನೇರ ನೇಮಕಾತಿಗಳಲ್ಲಿ ತೃತೀಯ ಲಿಂಗಿಗಳಿಗೆ ಶೇ 1 ಮೀಸಲಾತಿ ತಂದಿತು. ದೇಶದಲ್ಲೇ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಮರುವರ್ಷ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆಯಿತು. ಶೇ 1 ಎಂದರೆ 150. ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಈ ಸಮುದಾಯದಿಂದ ಇದ್ದವರು ಮೂವರು.

ಆ ಮೂವರು ಶಿಕ್ಷಕರಾಗುವುದು ಎಷ್ಟು ದೊಡ್ಡ ಸುದ್ದಿ ಎಂದು ನಾನು ಬಲ್ಲೆ. ಆದರೆ ಉಳಿದ 147 ಎಲ್ಲಿ? ಪದವಿ, ಬಿ.ಇಡಿ., ಟಿಇಟಿ ಎಲ್ಲ ದಾಟಿ ಬರಬೇಕಾದವರು ಒಂಬತ್ತನೇ ತರಗತಿಯ ದಸರಾ ರಜೆಯಲ್ಲೇ ನಿಂತುಹೋಗಿದ್ದಾರೆ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ಬರೆಸಿದವರಲ್ಲಿ ಅಕ್ಷರಸ್ಥರು ಶೇ 56ರಷ್ಟು, ಇಡೀ ದೇಶದ ಪ್ರಮಾಣ ಶೇ 74 ಇದ್ದಾಗ. ಅರ್ಜಿಯಲ್ಲಿ ಮೂರನೇ ಕಾಲಂ ಮುದ್ರಿಸಿದರೆ ಸಾಲದು, ಅದಕ್ಕೆ ಟಿಕ್ ಹಾಕುವ ಕೈಗೆ ಶಾಲೆಯಲ್ಲಿ ಪೆನ್ನು ಹಿಡಿಯಲು ಬಿಡಬೇಕು. ಟಿಕ್ ಹಾಕಿ, ಕೆಲಸ ಸಿಕ್ಕಮೇಲೂ ಕಥೆ ಮುಗಿಯುವುದಿಲ್ಲ. ಉತ್ತರ ಪ್ರದೇಶ ಮತ್ತು ಗುಜರಾತಿನ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಟ್ರಾನ್ಸ್ ಶಿಕ್ಷಕಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2025ರ ಅಕ್ಟೋಬರಿನಲ್ಲಿ ಕೋರ್ಟ್ ಅವರಿಗೆ ಪರಿಹಾರ ಕೊಡಿಸಿ, ಉದ್ಯೋಗದಲ್ಲಿ ಸಮಾನ ಅವಕಾಶದ ನೀತಿ ರೂಪಿಸಲು ಒಂದು ಸಮಿತಿ ಮಾಡಿತು. ಆ ಸಮಿತಿಯಲ್ಲಿ ನಮ್ಮ ಅಕ್ಕೈ ಪದ್ಮಶಾಲಿ ಇದ್ದಾರೆ.

ಕಾಲೇಜಿನಲ್ಲಿರುವವರಿಗೆ ಇನ್ನೊಂದು ವಿಷಯ. ಯುಜಿಸಿ 2016ರಲ್ಲಿ ರ‍್ಯಾಗಿಂಗ್ ತಡೆ ನಿಯಮಕ್ಕೆ ತಿದ್ದುಪಡಿ ತಂದಿದೆ. ಲಿಂಗತ್ವ, ಲೈಂಗಿಕ ಒಲವಿನ ಕಾರಣಕ್ಕೆ ಸಹಪಾಠಿಯನ್ನು ಹಿಂಸಿಸುವುದು, ಹೊರಗಿಡುವುದು ಕೂಡ ಈಗ ರ‍್ಯಾಗಿಂಗ್. ಹಾಸ್ಟೆಲ್ ರೂಮಿನ ‘ತಮಾಷೆ’ಗೂ ಇದು ಅನ್ವಯಿಸುತ್ತದೆ. ರ‍್ಯಾಗಿಂಗ್ ದೂರಿಗೆ 1800-180-5522, ಶಾಲಾ ಮಕ್ಕಳಿಗಾದರೆ 1098, ಮನಸ್ಸು ತೀರಾ ಕುಸಿದಾಗ ಟೆಲಿ ಮಾನಸ್‌ನ 14416. ಮೂರೂ ಉಚಿತ. ನಮ್ಮ ಬಿ.ಇಡಿ. ಬ್ಯಾಚಿನಲ್ಲಿ ಈ ಮೂರನ್ನೂ ತಿಳಿದವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಓದಲು ಕನ್ನಡದಲ್ಲೇ ಬೇಕಾದಷ್ಟಿದೆ. ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳು 2013ರಲ್ಲೇ ಬಂದಿವೆ. ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’ ಆಗಿ ಸಿಗುತ್ತದೆ. ‘ನಾನು ಅವನಲ್ಲ ಅವಳು’ ಸಿನಿಮಾಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಇವುಗಳಲ್ಲಿ ಒಂದಾದರೂ ಶಿಕ್ಷಕರ ತರಬೇತಿಯ ಓದಿನಲ್ಲಿ ಇದ್ದಿದ್ದರೆ ನನಗೆ ಆ ಅರ್ಧ ಪುಟದ ಗೈಡಿಗಿಂತ ಹೆಚ್ಚು ಉಪಕಾರವಾಗುತ್ತಿತ್ತು. ನನ್ನ ಬ್ಯಾಚಿನ ಗೆಳೆಯರಲ್ಲಿ ಕೆಲವರು, ‘ಮೊದಲು ಆರ್ಡರ್ ಕೈಗೆ ಬರಲಿ, ಅಲ್ಲಿವರೆಗೆ ಇಂಥದ್ದಕ್ಕೆಲ್ಲ ಕೈ ಹಾಕಬೇಡ’ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಈ ಲೇಖನಕ್ಕೆ ನನ್ನ ಪೂರ್ತಿ ಹೆಸರು ಹಾಕಬೇಕೋ ಬೇಡವೋ ಎಂದು ನಾನೂ ಎರಡು ದಿನ ಯೋಚಿಸಿದೆ.

*

ಹದಿನಾರು ವಾರ ಮುಗಿದವು. ಕೊನೆಯ ವಾರ ಕಿರುಪರೀಕ್ಷೆಯ ಉತ್ತರ ಹೇಳುವಾಗ ಮತ್ತೆ ಒಂಬತ್ತು ಬಂತು. ಹಿಂದೆ ಒಬ್ಬ ನಕ್ಕ. ಅವನ ಪಕ್ಕದವನು ನಗಲಿಲ್ಲ. ಅಷ್ಟೇ ಆದ ಬದಲಾವಣೆ. ಪಾಠದ ಟಿಪ್ಪಣಿಯನ್ನು ಮುಖ್ಯೋಪಾಧ್ಯಾಯಿನಿಯವರು ಜೆರಾಕ್ಸ್ ಮಾಡಿಸಿಟ್ಟುಕೊಂಡರು, ಮುಂದಿನ ಬ್ಯಾಚಿನ ಟ್ರೇನಿಗಳಿಗೆ ಕೊಡುತ್ತೇನೆ ಎಂದರು.

ಊರಿಗೆ ಹೋದಾಗ ಹಳೆಯ ಸಹಪಾಠಿಯ ತಮ್ಮನನ್ನು ಹುಡುಕಿ ನಂಬರ್ ತೆಗೆದುಕೊಂಡೆ. ಪುಣೆಯಲ್ಲಿದ್ದಾನಂತೆ, ಬೋರ್ಡ್ ಬರೆಯುವ, ಫ್ಲೆಕ್ಸ್ ಡಿಸೈನಿನ ಕೆಲಸ. ಆರು ಸಲ ಬರೆದು ಅಳಿಸಿ, ಏಳನೇ ಸಲ ಮೆಸೇಜ್ ಕಳಿಸಿದೆ. ಅಂಗಿಯ ಮೇಲೆ ಬರೆದವನು ನಾನು, ತಪ್ಪಾಯಿತು ಎಂದು. ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ನಾಲ್ಕನೇ ದಿನ ರಾತ್ರಿ ಬಂತು.

‘ಗೊತ್ತಿತ್ತು. ನಿನ್ನ 9ರ ಬಾಲ ಯಾವಾಗ್ಲೂ ಎಡಕ್ಕ ಸುತ್ತತಿತ್ತು. ಅವ್ವ ಮೂರು ಸಲ ತೊಳದ್ರೂ ಹೋಗಲಿಲ್ಲ.’

ಇದನ್ನೆಲ್ಲ ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. ಬರಿ, ಹೆಸರು ಬ್ಯಾಡ, ಊರೂ ಬ್ಯಾಡ ಎಂದ. ಓದಿ ತಿಳಿದುಕೊಂಡವನಲ್ಲವೇ ನಾನು, ಬಹಳ ಎಚ್ಚರದಿಂದ ಇನ್ನೊಂದು ಪ್ರಶ್ನೆ ಕೇಳಿದೆ. ನಿನ್ನ ಬಗ್ಗೆ ಬರೆಯುವಾಗ ಅವನು ಎನ್ನಲೋ, ಅವಳು ಎನ್ನಲೋ?

‘ಅವನು ಅಂತನ ಬರಿ’ ಎಂದು ಉತ್ತರ ಬಂತು. ‘ನಾ ಆವಾಗೂ ಗಂಡುಹುಡುಗನ ಇದ್ದೆ.’